ಕನ್ನಡದ ಕರಡು ತಿದ್ದುವ ಪುಟ್ಟ ಲೈಬ್ರರಿ

ಪರದೆಯ ಮೇಲೆ ‘ಕೋಳಿ’ ಎಂದಿದ್ದರೆ ನಮಗೆ ಅದು ಒಂದೇ ಪದ. ಕಂಪ್ಯೂಟರಿಗೆ ಅದು ಮೂರು ಬೇರೆ ಬೇರೆ ಪದಗಳಾಗಿರಬಹುದು. ‘ಕೋ’ದಲ್ಲಿರುವ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಉಳಿಸಿಡಬಹುದು. ‘ಕೊ’ ಬರೆದು ದೀರ್ಘವನ್ನು ಆಮೇಲೆ ಅಂಟಿಸಿಯೂ ಇಡಬಹುದು. ಏತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಯಾವ ಕೀಲಿಮಣೆ, ಯಾವ ಪರಿವರ್ತಕದಿಂದ ಪಠ್ಯ ಬಂತು ಎನ್ನುವುದರ ಮೇಲೆ ಅದು ನಿಂತಿದೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಲಕ್ಷಗಟ್ಟಲೆ ವಾಕ್ಯ ಓದಿ ಕನ್ನಡ ಕಲಿಯಬೇಕಾದ ಯಂತ್ರ ಮೂರು ಕೋಳಿಗಳನ್ನೂ ಪ್ರತ್ಯೇಕ ಪ್ರಾಣಿಗಳೆಂದೇ ಎಣಿಸುತ್ತದೆ.

ಯಂತ್ರಕ್ಕೆ ಪಾಠ ಹೇಳುವ ಮೊದಲು ಇಂಥವನ್ನೆಲ್ಲ ಸರಿಪಡಿಸುವ ಕೆಲಸ ಯಾರ ಕಣ್ಣಿಗೂ ಬೀಳದು. ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವವರ ಹೆಸರು ಅಚ್ಚಾಗದ ಹಾಗೆಯೇ ಇದೂ. ಭಾರತೀಯ ಭಾಷೆಗಳ ಮಟ್ಟಿಗೆ ಆ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ‘ಇಂಡಿಕ್ ಎನ್‌ಎಲ್‌ಪಿ ಲೈಬ್ರರಿ’ ಒಂದು. ಐಐಟಿ ಬಾಂಬೆಯಲ್ಲಿ ಯಂತ್ರಾನುವಾದದ ಮೇಲೆ ಪಿಎಚ್.ಡಿ. ಮಾಡಿದ ಅನೂಪ್ ಕುಂಚುಕುಟ್ಟನ್ ಇದನ್ನು ಬರೆದರು. ಪೈಥಾನ್ ಭಾಷೆಯಲ್ಲಿದೆ, ಎಂಐಟಿ ಪರವಾನಗಿಯಲ್ಲಿದೆ; ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು.

ಕನ್ನಡಕ್ಕೆಂದು ಇದರಲ್ಲಿ ಬೇರೆಯದೇ ಒಂದು ಭಾಗವಿದೆ. ತುಂಡಾದ ಸ್ವರಚಿಹ್ನೆಗಳನ್ನು ಅದು ಒಂದಾಗಿಸುತ್ತದೆ, ಅಲ್ಲಿಗೆ ಮೂರು ಕೋಳಿಗಳೂ ಒಂದಾಗುತ್ತವೆ. (ಇಷ್ಟನ್ನು ಪೈಥಾನ್ ತಾನೇ ಮಾಡಬಲ್ಲದು, ಅದಕ್ಕೆ ಈ ಲೈಬ್ರರಿಯೇ ಬೇಕೆಂದಿಲ್ಲ.) ಪದದಿಂದ ವಿರಾಮಚಿಹ್ನೆಯನ್ನು ಬಿಡಿಸುವುದು, ಪುಟವನ್ನು ವಾಕ್ಯಗಳಾಗಿ ಒಡೆಯುವುದು ಉಳಿದ ಕೆಲಸಗಳು. ಒಡೆಯುವಾಗ ತೊಡಕು ಕೊಡುವುದು ಇನಿಷಿಯಲ್‌ಗಳು. ‘ಕೆ. ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು.’ ಚುಕ್ಕಿ ಕಂಡಲ್ಲೆಲ್ಲ ಕತ್ತರಿಸಿದರೆ ಕವಿ ಮೂರು ವಾಕ್ಯವಾಗುತ್ತಾರೆ! ಅದಕ್ಕಾಗಿ ಇಂಗ್ಲಿಷ್ ಅಕ್ಷರಗಳ ಉಚ್ಚಾರಗಳ ಪಟ್ಟಿಯೊಂದನ್ನು ಒಳಗೆ ಇಟ್ಟಿದ್ದಾರೆ. ಚುಕ್ಕಿಯ ಹಿಂದಿನ ತುಣುಕು ಆ ಪಟ್ಟಿಯಲ್ಲಿದ್ದರೆ ವಾಕ್ಯ ಅಲ್ಲಿ ಮುರಿಯುವುದಿಲ್ಲ. ಪಟ್ಟಿ ಇರುವುದು ದೇವನಾಗರಿಯಲ್ಲಿ. ಕನ್ನಡದ ತುಣುಕನ್ನು ಮೊದಲು ದೇವನಾಗರಿಗೆ ಬದಲಿಸಿಕೊಂಡು ಆಮೇಲೆ ಹೋಲಿಸುತ್ತದೆ.

ಹಾಗೆ ಬದಲಿಸಲು ಬೇಕಾಗುವುದು ಒಂದು ಕಳೆಯುವ ಲೆಕ್ಕ ಅಷ್ಟೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ: ಕನ್ನಡದ ‘ಕ’ ಇರುವುದು 3221ರಲ್ಲಿ, ದೇವನಾಗರಿಯ ‘ಕ’ 2325ರಲ್ಲಿ. ಅಂತರ 896. ‘ಮ’ ತೆಗೆದುಕೊಳ್ಳಿ, ‘ಳ’ ತೆಗೆದುಕೊಳ್ಳಿ, ಅಂತರ ಅದೇ. 1980ರ ದಶಕದಲ್ಲಿ ರೂಪುಗೊಂಡ ‘ಇಸ್ಕಿ’ ಎಂಬ ಭಾರತೀಯ ಮಾನಕ ನಮ್ಮ ಲಿಪಿಗಳನ್ನೆಲ್ಲ ಒಂದೇ ವರ್ಣಮಾಲೆಯ ಕ್ರಮದಲ್ಲಿ ಕೂರಿಸಿತ್ತು, ಯೂನಿಕೋಡ್ ಅದನ್ನೇ ಅನುಸರಿಸಿತು. ಈ ಅನುಕೂಲವನ್ನು ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡಿತು. 2021ರಲ್ಲಿ ಅವರು ಹೊರತಂದ, 11 ಭಾರತೀಯ ಭಾಷೆಗಳ ಅನುವಾದ ಯಂತ್ರ ‘ಇಂಡಿಕ್‌ಟ್ರಾನ್ಸ್’ಗೆ ಕನ್ನಡ, ತಮಿಳು, ಬಂಗಾಳಿ ಎಲ್ಲವನ್ನೂ ದೇವನಾಗರಿಗೆ ತಿರುಗಿಸಿಯೇ ಕಲಿಸಿದರು. ‘ಪುಸ್ತಕ’ ಯಾವ ಭಾಷೆಯಲ್ಲಿ ಬಂದರೂ ಒಂದೇ ರೂಪದಲ್ಲಿ ಕಂಡರೆ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ದಕ್ಕುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಅಂದರೆ ನೀವು ಕೊಟ್ಟ ಕನ್ನಡ ವಾಕ್ಯ ಒಳಗೆ ನಾಗರಿಯ ವೇಷ ಹಾಕಿಕೊಳ್ಳುತ್ತದೆ. ಅಲ್ಲಿಂದ ಹೊರಬರುವ ಕನ್ನಡವೂ ಅಷ್ಟೆ, ಬಾಗಿಲಲ್ಲಿ ವೇಷ ಕಳಚಿಕೊಂಡದ್ದು.

ಈ ಲೈಬ್ರರಿಯ ತೀರ್ಮಾನಗಳೆಲ್ಲ ನನಗೆ ಒಪ್ಪಿಗೆಯಾಗುವುದಿಲ್ಲ. ಅನೇಕರು ‘ದುಃಖ’ ಬರೆಯುವಾಗ ವಿಸರ್ಗದ ಬದಲು ಕೋಲನ್ ಒತ್ತುತ್ತಾರೆ. ಅದನ್ನು ತಿದ್ದಲೆಂದು ಈ ಲೈಬ್ರರಿ ಕನ್ನಡ ಅಕ್ಷರದ ಬೆನ್ನಿಗೆ ಬಂದ ಕೋಲನ್ನನ್ನೆಲ್ಲ ವಿಸರ್ಗ ಮಾಡುತ್ತದೆ. ‘ದುಃಖ’ ಸರಿಹೋಯಿತು, ನಿಜ. ಆದರೆ ಸರ್ಕಾರಿ ಅರ್ಜಿಯ ‘ಸ್ಥಳ: ಮೈಸೂರು’ ಕೂಡ ‘ಸ್ಥಳಃ ಮೈಸೂರು’ ಎಂದು ಸಂಸ್ಕೃತದ ಗತ್ತಿಗೆ ಏರಿಬಿಡುತ್ತದೆ. ಕಾಣದ ಜೋಡಕ ಸಂಕೇತಗಳದ್ದು ಇನ್ನೂ ದೊಡ್ಡ ಕಥೆ. ‘ರಾಜ್‌ಕುಮಾರ್’ ಹೆಸರಿನಲ್ಲಿ ‘ಜ್’ನ ಅಡಿಗೆ ಕ ಒತ್ತಾಗಿ ಇಳಿಯದಂತೆ ತಡೆಯುವುದು, ‘ರ‍್ಯಾಂಕ್’ನಲ್ಲಿ ರ ಅರ್ಕಾವತ್ತಾಗದಂತೆ ಕಾಯುವುದು ಈ ಸಂಕೇತಗಳೇ. ಲೈಬ್ರರಿ ಇವನ್ನು ಕಸವೆಂದು ಗುಡಿಸಿ ಹಾಕುತ್ತದೆ. ಪದಗಳನ್ನು ಎಣಿಸುವುದಷ್ಟೇ ಕೆಲಸವಾದರೆ ಅದು ಒಳ್ಳೆಯದೇ. ಯಂತ್ರ ನಾಳೆ ಕನ್ನಡ ಬರೆಯಬೇಕೆಂದಿದ್ದರೆ ‘ರಾಜ್ಕುಮಾರ್’ ಎಂದು ಬರೆಯಲು ನಾವೇ ಹೇಳಿಕೊಟ್ಟ ಹಾಗಾಯಿತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳಂತೂ ಇದಕ್ಕೆ ಕನ್ನಡವೇ ಅಲ್ಲ, ರೋಮನ್ ಅಕ್ಷರಗಳ ಗೋಜಲು. ಅವನ್ನು ಬೇರೆ ಪರಿವರ್ತಕದಲ್ಲಿ ಹಾಯಿಸಿ ತರಬೇಕು.

ಹಳಗನ್ನಡದ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಯೂನಿಕೋಡ್‌ನಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲ. ಅದು ಕುಳಿತಿರುವ ಜಾಗವೂ ಅದಕ್ಕೆ ತಕ್ಕದ್ದೇ: 3294. ಅದರಿಂದ 896 ಕಳೆದರೆ ಸಿಗುವುದು ದೇವನಾಗರಿಯ ನುಕ್ತಾ (ಅಡಿಚುಕ್ಕಿ) ಇರುವ ಫ. ಪಂಪನ ಕಾಲದ ‘ಪೊೞಲ್’ ಯಂತ್ರದೊಳಗೆ ಹೋಗುವುದು ಫಾರಸಿಯ ಫಕಾರ ಹೊತ್ತುಕೊಂಡು. ಮರಳಿ ಕನ್ನಡಕ್ಕೆ ಬರುವಾಗ 896 ಕೂಡುವುದರಿಂದ ೞ ಮತ್ತೆ ಕಾಣಿಸುತ್ತದೆ, ಹಾಗಾಗಿ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ತಮಿಳಿನ ೞ ಮಾತ್ರ ದೇವನಾಗರಿಯಲ್ಲಿ ತನಗೆಂದೇ ಇರುವ 2356ಕ್ಕೆ ಸರಿಯಾಗಿ ಹೋಗಿ ಸೇರುತ್ತದೆ. ಹೀಗಾಗಿ ನಮ್ಮ ‘ಬಾೞ್’, ಅವರ ‘ವಾೞ್’ ಒಂದೇ ಬೇರಿನವಾದರೂ ಯಂತ್ರಕ್ಕೆ ಆ ನಂಟು ಕಾಣುವುದಿಲ್ಲ. ಲಿಪಿ ಒಂದು ಮಾಡಿದ್ದೇ ಅಂಥ ನಂಟು ಕಾಣಲೆಂದು! ತಮಿಳಿನಲ್ಲಿ ಖ, ಗ, ಘ ಇಲ್ಲವಾದ್ದರಿಂದ ಅವನ್ನು ‘ಕ’ ಮಾಡುವ ವಿಶೇಷ ಏರ್ಪಾಡು ಈ ಲೈಬ್ರರಿಯಲ್ಲೇ ಇದೆ. ೞಕ್ಕೂ ಅಂಥದೊಂದನ್ನು ಸೇರಿಸಲು ನಾಲ್ಕಾರು ಸಾಲಿನ ಕೋಡ್ ಸಾಕು.