ಅಟ್ಟದಲ್ಲಿ ಕೊಳೆತ ಅಟ್ಟೆ

ಏಪ್ರಿಲ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಎರಡು ವಸ್ತುಗಳಿಗೆ ಹುಡುಕಾಟ ಶುರುವಾಗುತ್ತದೆ. ಒಂದು ಹಾಕಿ ಸ್ಟಿಕ್, ಇನ್ನೊಂದು ಶೂ. ಸ್ಟಿಕ್ ಬಾಗಿಲ ಮೂಲೆಯಲ್ಲೇ ಸಿಗುತ್ತದೆ. ತೋಟದ ಮಂಗ ಓಡಿಸಲು ಅದು ವರ್ಷವಿಡೀ ಬಳಕೆಯಲ್ಲಿರುತ್ತದೆ. ಶೂ ಮಾತ್ರ ಅಟ್ಟದ ಮೇಲೆ, ಕಳೆದ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದಂತೆಯೇ ಇರುತ್ತದೆ. ಬಿಚ್ಚಿದರೆ ಹೊಸದರ ಹಾಗೇ ಇದೆ. ಹಾಕಿಕೊಂಡು ಮೈದಾನಕ್ಕಿಳಿದು, ಚೆಂಡಿನ ಹಿಂದೆ ಒಂದು ಓಟ ಓಡಿ ಗಕ್ಕನೆ ನಿಂತರೆ ಕಾಲು ಒಂದು ಕಡೆ, ಅಟ್ಟೆ ಇನ್ನೊಂದು ಕಡೆ. ಪ್ರತಿವರ್ಷ ಒಬ್ಬರಾದರೂ ಹೀಗೆ ಬಾಯಿಬಿಟ್ಟ ಶೂ ಹಿಡಿದು ಗೆರೆಯಾಚೆ ಬರುವುದನ್ನು ಕಂಡಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು: “ಒಂದೇ ಸಲ ಹಾಕಿದ್ದು ಮಾರಾಯ!”

ಒಂದೇ ಸಲ ಹಾಕಿದ್ದೇ ತೊಂದರೆ ಎಂದರೆ ಯಾರೂ ನಂಬುವುದಿಲ್ಲ.

ಏಪ್ರಿಲ್‌ನ ಈ ಹುಡುಕಾಟದ ಹಿಂದಿರುವುದು ಕೊಡವ ಕೌಟುಂಬಿಕ ಹಾಕಿ ಉತ್ಸವ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅದನ್ನು ಆರಂಭಿಸಿದಾಗ ಬಂದದ್ದು 60 ಒಕ್ಕಗಳು, ಅಂದರೆ ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಇದೇ ಉತ್ಸವದ ಕುಂಡ್ಯೋಳಂಡ ಕಪ್ ಹೊತ್ತಿಗೆ ಆ ಸಂಖ್ಯೆ 360ಕ್ಕೆ ಏರಿ ಗಿನ್ನೆಸ್ ದಾಖಲೆಗೂ ಸೇರಿತು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಹಬ್ಬ ಇದು. ಆಡುವವರಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ಶೂ ಕಟ್ಟುವವರು. ಹಾಗಾಗಿ ಇಲ್ಲಿನ ಶೂ ಸವೆದು ಸಾಯುವುದು ಕಡಿಮೆ, ಮಲಗಿದಲ್ಲೇ ಸಾಯುವುದು ಹೆಚ್ಚು.

ಹೊರಗಿನ ರಬ್ಬರ್ ಅಟ್ಟೆಗೂ ಪಾದಕ್ಕೂ ನಡುವೆ ಒಂದು ನೊರೆಯಂಥ ಮೆತ್ತನೆಯ ಪದರವಿದೆ. ಹಗುರವಾದ ಓಟದ ಶೂಗಳಲ್ಲಿ ಅದು ಸಾಮಾನ್ಯವಾಗಿ ಇವಿಎ ಎಂಬ ಪ್ಲಾಸ್ಟಿಕ್. ಎಷ್ಟೋ ಗಟ್ಟಿ ಬೂಟುಗಳಲ್ಲಿ, ಚಾರಣದ ಶೂಗಳಲ್ಲಿ ಪಾಲಿಯುರೆಥೇನ್. ಅಟ್ಟೆಯನ್ನು ಮೇಲ್ಭಾಗಕ್ಕೆ ಹಿಡಿದಿಡುವ ಅಂಟೂ ಬಹಳ ಸಲ ಪಾಲಿಯುರೆಥೇನ್ ಜಾತಿಯದೇ. ಈ ವಸ್ತುವಿನ ಉದ್ದನೆಯ ಅಣುಸರಪಳಿಗಳಲ್ಲಿ ಸಾಮಾನ್ಯವಾಗಿ ಎಸ್ಟರ್ ಎಂಬ ಕೊಂಡಿಗಳಿರುತ್ತವೆ. ಅವುಗಳ ವೈರಿ ನೀರು. ಗಾಳಿಯ ತೇವ ಒಳಗೆ ನುಸುಳಿ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಕತ್ತರಿಸಿದಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿ ಕಡಿಯುವ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಭಾರ ಬಿದ್ದಾಗ ಇಡೀ ಪದರ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನದು 1,000ದ ಆಸುಪಾಸು. ಜೂನ್‌ನಿಂದ ಕಕ್ಕಡ ಮಾಸ ಮುಗಿಯುವವರೆಗೆ ಉಪ್ಪಿನ ಡಬ್ಬಿಯೇ ನೀರೊಡೆಯುವ ಊರಿದು. ಪ್ಲಾಸ್ಟಿಕ್ ಚೀಲ ಶೂವನ್ನು ಮಳೆಯಿಂದ ಕಾಪಾಡುತ್ತದೆಂದು ನಾವು ನಂಬಿದ್ದೇವೆ. ಬೆವರಿನ ತೇವದ ಸಮೇತ ಗಂಟು ಕಟ್ಟಿದ ಚೀಲ ಶೂವಿಗೆ ಹಬೆಪಾತ್ರೆಯಂತೆ, ಒಳಗಿನ ತೇವ ಹೊರಬರಲು ದಾರಿಯೇ ಇಲ್ಲ.

ಅಟ್ಟೆಯ ಕಥೆ ಹೀಗಾದರೆ ಆಯ್ಕೆಯದು ಇನ್ನೊಂದು. ಬೆಳಗಿನ ಓಟಕ್ಕೆಂದು ತಂದ ಶೂವನ್ನೇ ಹಾಕಿಗೂ ಹಾಕಿಕೊಳ್ಳುವವರು ಬಹಳ. ಓಡುವಾಗ ದೇಹ ಒಂದೇ ದಿಕ್ಕಿಗೆ, ಮುಂದಕ್ಕೆ ಸಾಗುತ್ತದೆ. ಪ್ರತಿ ಹೆಜ್ಜೆಗೂ ನೆಲದಿಂದ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಮರಳಿ ಬರುತ್ತದೆ, 70 ಕೆ.ಜಿ. ಮನುಷ್ಯನಿಗೆ 150-200 ಕೆ.ಜಿ. ಭಾರ ಹೊತ್ತಂತೆ, ಅದೂ ಕಿಲೋಮೀಟರಿಗೆ ಸುಮಾರು ಸಾವಿರ ಸಲ. ಆದ್ದರಿಂದ ಓಟದ ಶೂವಿಗೆ ಹಿಮ್ಮಡಿ ಎತ್ತರ, ಮೆತ್ತೆ ದಪ್ಪ. ಹಾಕಿ ಹಾಗಲ್ಲ. ಸೊಂಟ ಬಗ್ಗಿಸಿ, ಎಡಕ್ಕೆ ನುಗ್ಗಿ, ನಿಂತು, ಬಲಕ್ಕೆ ತಿರುಗಬೇಕು. ಪಾದ ನೆಲದಿಂದ ಎತ್ತರವಾದಷ್ಟೂ ಅಡ್ಡಬಲಕ್ಕೆ ಸನ್ನೆಗೋಲು ಉದ್ದವಾಗುತ್ತದೆ, ಕಣಕಾಲು ಹೊರಳುವುದು ಸುಲಭವಾಗುತ್ತದೆ. ಹಾಕಿಗೆ ತಗ್ಗಾದ, ಪಕ್ಕಗಳು ಬಿಗಿಯಾದ, ತುದಿ ಗಟ್ಟಿಯಾದ ಶೂ ಬೇಕು. ಎಷ್ಟೆಂದರೂ 160 ಗ್ರಾಂ ಆಸುಪಾಸಿನ ಕಲ್ಲಿನಂಥ ಚೆಂಡು ಹೆಬ್ಬೆರಳನ್ನೇ ಹುಡುಕಿಕೊಂಡು ಬರುತ್ತದೆ. ಜಿಮ್‌ನಲ್ಲಿ ಭಾರ ಎತ್ತುವವರಿಗಂತೂ ಮೆತ್ತೆಯೇ ಬೇಡ. ಹಾಸಿಗೆಯ ಮೇಲೆ ನಿಂತು ಅಕ್ಕಿಮೂಟೆ ಎತ್ತಿ ನೋಡಿದರೆ ಕಾರಣ ತಿಳಿಯುತ್ತದೆ.

ಆಟದಷ್ಟೇ ನೆಲವೂ ಮುಖ್ಯ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ, ಮರುವರ್ಷ ಮಾಂಟ್ರಿಯಲ್‌ನಲ್ಲಿ, ಒಲಿಂಪಿಕ್ಸ್ ಹಾಕಿಗೆ ಮೊದಲ ಸಲ ಹಾಸಿದ ಕೃತಕ ಹುಲ್ಲಿನ ಮೇಲೆ 7ನೇ ಸ್ಥಾನಕ್ಕೆ ಇಳಿಯಿತು. ಎರಡೂ ತಂಡಗಳಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಸೋಲಿಗೆ ಶೂ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ನೆಲ ಬದಲಾದರೆ ಆಟ ಅಡಿಯಿಂದಲೇ ಬದಲಾಗುತ್ತದೆ. ಟರ್ಫ್‌ಗೆ ಹತ್ತಾರು ಸಣ್ಣ ರಬ್ಬರ್ ಗುಬ್ಬಿಗಳ ಅಟ್ಟೆ ಸಾಕು. ಪೊನ್ನಂಪೇಟೆಯ ಟರ್ಫ್‌ನಲ್ಲಿ ಚೆನ್ನಾಗಿ ಹಿಡಿಯುವ ಆ ಶೂ, ಕೌಟುಂಬಿಕ ಹಾಕಿಯ ಮಣ್ಣು-ಹುಲ್ಲಿನ ಮೈದಾನದಲ್ಲಿ ಮೊದಲ ಮಳೆಗೇ ಜಾರುಬಂಡೆಯಾಗುತ್ತದೆ.

ನಮ್ಮ ಏಪ್ರಿಲ್ ಇನ್ನೂ ತರಲೆ. ಬೆಳಗ್ಗೆ ನೆಲ ಕಾದ ಹೆಂಚು, ಸಂಜೆ ಒಂದು ಹೂಮಳೆ ಬಿದ್ದರೆ ಬೆಣ್ಣೆ. ಗಟ್ಟಿ ನೆಲದಲ್ಲಿ ಉದ್ದನೆಯ ಸ್ಟಡ್ ಇಳಿಯುವುದೇ ಇಲ್ಲ. ಇಡೀ ಭಾರ ನಾಲ್ಕಾರು ಬಿಂದುಗಳ ಮೇಲೆ ಕೂತು ಅಂಗಾಲು ನೋಯುತ್ತದೆ. ಇಳಿದರೆ ಬೇರೆ ಅಪಾಯ: ಪಾದ ನೆಲಕ್ಕೆ ನಾಟಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚು ಮೊಣಕಾಲಿನ ಕಟ್ಟುಗಳ ಪಾಲು. ಹೆಚ್ಚು ಹಿಡಿತವೆಂದರೆ ಹೆಚ್ಚು ಕ್ಷೇಮವಲ್ಲ. ಕೊಡಗಿನ ಮೈದಾನಕ್ಕೆ ಗಿಡ್ಡ ರಬ್ಬರ್ ಸ್ಟಡ್‌ಗಳು, ಸಂಖ್ಯೆಯಲ್ಲಿ ಹೆಚ್ಚು, ನಡುವೆ ಕೆಸರು ಉದುರುವಷ್ಟು ಜಾಗ. ನನ್ನ ಓಟು ಇದಕ್ಕೆ.

ಅಂಗಡಿಯಲ್ಲಿ ಪಾದದ ಕಮಾನು ನೋಡಿ “ನಿಮ್ಮದು ಚಪ್ಪಟೆ ಪಾದ, ಈ ಶೂವೇ ಬೇಕು” ಎಂದು ಬೆಲೆ ಏರಿಸುವ ರೂಢಿಯಿದೆ. ಸೈನ್ಯದ ಮಾತಿಗೆ ಬೆಲೆಯಿರುವ ಜಿಲ್ಲೆ ನಮ್ಮದಾದ್ದರಿಂದ ಸೈನ್ಯದ್ದೇ ಸಾಕ್ಷಿ ಕೊಡುತ್ತೇನೆ. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ದಳಗಳು ತರಬೇತಿಗೆ ಬಂದ ಹೊಸಬರಲ್ಲಿ ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟವು, ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ ಒಂದೇ ಬಗೆಯ ಶೂ ಕೊಟ್ಟವು. ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ದಶಕಗಳ ಕಾಲ ಪಾದದ ಚಲನೆ ಅಧ್ಯಯನ ಮಾಡಿದ ಬೆನ್ನೊ ನಿಗ್ ಅವರ ವಾದ ಇನ್ನೂ ಸರಳ: ಹಾಕಿದಾಗ ಹಿತವೆನಿಸುವುದೇ ಒಳ್ಳೆಯ ಆಯ್ಕೆ. ಆದ್ದರಿಂದ ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ ಅಂಗಡಿಗೆ ಹೋಗಿ. ಆಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ತಡಿಯಂಡಮೋಳ್ ಬೆಟ್ಟ ಹತ್ತುವವರಿಗೆ ಈ ಜಾಗ ಇನ್ನೂ ಮುಖ್ಯ. ಹತ್ತುವಾಗಲ್ಲ, ಇಳಿಯುವಾಗ, ಉಗುರು ಕಪ್ಪಾಗುವುದು ಆಗಲೇ.

ದಿನಾ ಓಡುವವರು ಎರಡು ಜೋಡಿ ಇಟ್ಟುಕೊಂಡು ಬದಲಾಯಿಸಿ ಹಾಕುವುದು ದುಂದಲ್ಲ. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದಕ್ಕಿಂತ ಹೆಚ್ಚು ಜೋಡಿ ಬಳಸುವವರಲ್ಲಿ ಗಾಯದ ಸಾಧ್ಯತೆ ಶೇಕಡಾ 39 ಕಡಿಮೆಯಿತ್ತು. ಮಳೆನಾಡಿನಲ್ಲಿ ಇನ್ನೊಂದು ಲಾಭವೂ ಇದೆ: ಒಂದು ಜೋಡಿ ಒಣಗುವಷ್ಟರಲ್ಲಿ ಇನ್ನೊಂದು ಕಾಲಲ್ಲಿರುತ್ತದೆ.

ಒಣಗಿಸುವುದರಲ್ಲೇ ನಾವು ಹೆಚ್ಚು ತಪ್ಪುವುದು. ಅಗ್ಗಿಷ್ಟಿಕೆಯ ಪಕ್ಕ, ಒಲೆಯ ದಂಡೆಯ ಮೇಲೆ ಒದ್ದೆ ಶೂ ಸಾಲಾಗಿ ಕೂರುತ್ತವೆ. ಬಿಸಿಗೆ ಅಂಟು ಸಡಿಲವಾಗುತ್ತದೆ, ಇವಿಎ ಕುಗ್ಗುತ್ತದೆ, ಚರ್ಮ ಬಿರಿಯುತ್ತದೆ. ಹಾಗೆಂದು ಒದ್ದೆಯಾಗಿ ಬಿಟ್ಟರೆ ಬೂಷ್ಟು. ಗಾಳಿಯ ತೇವಾಂಶ ಶೇಕಡಾ 70-80 ದಾಟಿದರೆ ಸಾಕು, ಚರ್ಮದ ಜಿಡ್ಡು, ಬೆವರು, ಮಣ್ಣು ಎಲ್ಲವೂ ಅದಕ್ಕೆ ಊಟ. ಕಾಲ್ಬೆರಳ ಸಂದಿಯ ಕೆಸರುಹುಣ್ಣೂ ಇದೇ ತೇವದ ಬಂಧು. ದಾರಿ ಹಳೆಯದೇ: ಕೆಸರನ್ನು ತಣ್ಣೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಲೇಸ್ ಸಡಿಲಿಸಿ, ಒಳಹಾಸು ಹೊರತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುಂಬುವುದು. ಕಾಗದದ ನಾರುಗಳು ನೀರನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆದುಕೊಳ್ಳುತ್ತವೆ. ಆದರೆ ಒದ್ದೆಯಾದ ಪೇಪರನ್ನು ಎರಡು-ಮೂರು ಗಂಟೆಗೊಮ್ಮೆ ಬದಲಿಸದಿದ್ದರೆ ಪ್ರಯೋಜನವಿಲ್ಲ. ಫ್ಯಾನ್ ಗಾಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಈ ಮೇ ತಿಂಗಳಲ್ಲಿ ಕಪ್ ಮುಗಿದ ಮೇಲೆ ಶೂವನ್ನು ಚೀಲಕ್ಕೆ ತುರುಕಬೇಡಿ. ಒಣಗಿಸಿ, ಗಾಳಿಯಾಡುವ ಗೂಡಿನಲ್ಲಿಡಿ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ದಿನ ಕೋವಿ, ಕತ್ತಿ ಒರೆಸಿ ಇಡುವಾಗ ಅದನ್ನೂ ಕೆಳಗಿಳಿಸಿ, ಎರಡು ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಅಟ್ಟೆಯ ಅಂಚಿನಲ್ಲಿ ಬಿರುಕು ಕಂಡರೆ ಹೊಸದು ಕೊಳ್ಳಲು ಇನ್ನೂ ಏಳು ತಿಂಗಳಿದೆ.