ಮೂರು ದಿನ ಅಂಗಡಿಗೆ ರಜೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ನಾವು ಕೋಶ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ದೇಶ ಸುತ್ತಿದ್ದು ಅಡಿಕೆ ಮೂಟೆಗಳ ಹಿಂದೆ, ಇಲ್ಲವೆ ತೀರ್ಥಯಾತ್ರೆಯ ಬಸ್ಸಿನಲ್ಲಿ. ಬರೀ ಸಂತೋಷಕ್ಕಾಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೋದದ್ದುಂಟೇ ಎಂದು ಯಾರಾದರೂ ಕೇಳಿದರೆ, ಅರವತ್ತೈದು ದಾಟುವವರೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಈ ವರ್ಷ ಉತ್ತರ ಸಿಕ್ಕಿತು. ನಮ್ಮಂಥ ವ್ಯಾಪಾರಿ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಂದೆಯವರು ಮಲೆನಾಡಿನಿಂದ ಕೊಯಮತ್ತೂರು ಜಿಲ್ಲೆಯ ತೊಂಡಾಮುತ್ತೂರಿಗೆ ಬಂದು ನೆಲೆಸಿದವರು. ಪಶ್ಚಿಮಘಟ್ಟದ ಬುಡದ ಊರು. ಅಡಿಕೆ, ತೆಂಗು, ಬಾಳೆ ತೋಟಗಳ ನಡುವೆ ನಮ್ಮ ಅಂಗಡಿ. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಪರ್ವದ ದಿನಗಳು ಮತ್ತು ಮನೆಯಲ್ಲಿ ಸಾವು ಸಂಭವಿಸಿದ ದಿನಗಳನ್ನು ಬಿಟ್ಟರೆ ಅಂಗಡಿಯ ಬಾಗಿಲು ಮುಚ್ಚಿದ್ದೇ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು.

ಒಂದು ಹಳೆಯ ಬಾಕಿ

2000ನೇ ಇಸವಿಯಲ್ಲಿ ಕೊಚ್ಚಿಯ ಬಳಿ ವೀಗಾಲ್ಯಾಂಡ್ ಎಂಬ ಮನೋರಂಜನಾ ಉದ್ಯಾನ ಆರಂಭವಾಯಿತು. ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿಯನ್ನು ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರ ಸಾಹಸ ಅದು. ನಮ್ಮ ಹಿರಿಮಗನಿಗೆ ಆಗ ಹದಿಮೂರು ವರ್ಷ. ಶಾಲೆಯಲ್ಲಿ ಯಾರೋ ಹೋಗಿ ಬಂದು ಕಥೆ ಹೇಳಿದ್ದರು. ರಾತ್ರಿ ಲೆಕ್ಕ ಬರೆಯುವಾಗ ಪಕ್ಕದಲ್ಲಿ ಬಂದು ಕೂತು, "ಅಪ್ಪಾ, ನಾವೂ ಹೋಗೋಣವಾ?" ಎಂದ. "ಸೀಸನ್ ಮುಗಿಯಲಿ ಮಗಾ" ಎಂದೆವು. ಸೀಸನ್ ಮುಗಿಯಿತು, ಇನ್ನೊಂದು ಬಂತು. ಎರಡು ಮೂರು ಸಲ ಕೇಳಿದ, ಆಮೇಲೆ ಕೇಳುವುದನ್ನೇ ಬಿಟ್ಟ. ಮಗ ತಿಳಿವಳಿಕಸ್ಥನಾದ ಎಂದು ನಾವು ಸಂತೋಷಪಟ್ಟೆವು.

ಈ ವರ್ಷದ ಆರಂಭದಲ್ಲಿ ಒಂದು ಸಂಜೆ ಅವನ ಮಗಳು, ಹತ್ತು ವರ್ಷದವಳು, ಅದೇ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಅದೇ ರೀತಿ ಕೇಳಿದಳು. ಮಗ ಬಿಲ್ಲಿನಿಂದ ತಲೆ ಎತ್ತದೆ, "ಸೀಸನ್ ಮುಗಿಯಲಿ ಮಗಾ" ಎಂದ. ನಮ್ಮ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಮಾತು ನಮ್ಮದು, ದನಿ ಕೂಡ ನಮ್ಮದೇ! ಅಂಗಡಿಯ ಜೊತೆಗೆ ಈ ಮಾತನ್ನೂ ಮಗನಿಗೆ ಆಸ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ ಎಂಬುದು ಅಂದು ತಿಳಿಯಿತು. ಇಪ್ಪತ್ತೈದು ವರ್ಷದ ಬಾಕಿ ಖಾತೆಯಲ್ಲಿ ಹಾಗೆಯೇ ಉಳಿದಿತ್ತು. ಬಡ್ಡಿಯನ್ನು ಮೊಮ್ಮಕ್ಕಳು ಕಟ್ಟಬೇಕಾಗಿ ಬರುತ್ತಿತ್ತು.

ಆ ರಾತ್ರಿಯೇ ಮನೆಯವರನ್ನೆಲ್ಲ ಕೂರಿಸಿ ಹೇಳಿದೆವು: "ಈ ಬೇಸಿಗೆ ರಜೆಗೆ ಹೋಗುತ್ತೇವೆ. ಎಲ್ಲರೂ."

ಎಲ್ಲಿಗೆ?

ನಮ್ಮ ಹತ್ತಿರದಲ್ಲೇ ಸಿರುವಾಣಿ ರಸ್ತೆಯಲ್ಲಿ ಕೋವೈ ಕೊಂಡಾಟ್ಟಂ ಇದೆ, ಮೇಟ್ಟುಪಾಳ್ಯದ ಕಡೆ ಬ್ಲ್ಯಾಕ್ ಥಂಡರ್ ಇದೆ. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಆದರೆ ಹಾಗೆ ಮಾಡಿದರೆ ಗಂಡಸರು ಅಂಗಡಿಯಲ್ಲಿ ಉಳಿದು ಹೆಂಗಸರು ಮಕ್ಕಳನ್ನು ಮಾತ್ರ ಕಳಿಸುವುದು ಖಂಡಿತ. ಆದ್ದರಿಂದ ರಾತ್ರಿ ತಂಗಲೇಬೇಕಾದ ದೂರವನ್ನು ಆರಿಸಿದೆವು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾ ಇದೆ. ವೀಗಾಲ್ಯಾಂಡ್ ಕಟ್ಟಿದವರೇ 2005ರಲ್ಲಿ ಆರಂಭಿಸಿದ್ದು. ಕೊಚ್ಚಿಯದ್ದಕ್ಕೂ ಈಗ ಅದೇ ಹೆಸರು. ಬಿಡದಿಯಲ್ಲಿ ಉದ್ಯಾನಕ್ಕೆ ಹೊಂದಿಕೊಂಡೇ ತಂಗುವ ರೆಸಾರ್ಟ್ 2012ರಲ್ಲಿ ಆಯಿತು. ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಇದು ದೊಡ್ಡ ಅನುಕೂಲ. ದಣಿದವರು ಕೋಣೆಗೆ ಹೋಗಿ ಮಲಗಬಹುದು, ಒಬ್ಬರಿಗಾಗಿ ಎಲ್ಲರೂ ಹೊರಡಬೇಕಾಗಿಲ್ಲ.

ಅಮ್ಮನ ಪ್ರಶ್ನೆಗಳು

ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು. ಸೂರ್ಯಾಸ್ತದ ನಂತರ ಏನನ್ನೂ ಸೇವಿಸುವುದಿಲ್ಲ. ನೀರು ಗಾಳಿಸಿಯೇ ಕುಡಿಯುತ್ತಾರೆ. ಅವರು ಎರಡು ಪ್ರಶ್ನೆ ಎತ್ತಿದರು. "ಕ್ಷೇತ್ರಕ್ಕೆ ಹೋಗುವುದು ಬಿಟ್ಟು ಇಷ್ಟು ಹಣ ಹಾಕಿ ನೀರಾಟಕ್ಕೆ ಹೋಗುವುದೇ?" ಎಂಬುದು ಒಂದು. "ಅಲ್ಲಿ ನನ್ನ ಊಟದ ಗತಿ ಏನು?" ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಸೊಸೆ ದಾರಿ ತೋರಿಸಿದಳು. ನಾವು ಸತ್ಯಮಂಗಲ, ದಿಂಬಂ, ಚಾಮರಾಜನಗರ, ಮೈಸೂರು ಮಾರ್ಗವಾಗಿ ಹೋದರೆ ಚಾಮರಾಜನಗರದ ಸಮೀಪ ಮಲೆಯೂರಿನ ಕನಕಗಿರಿ ಸಿಗುತ್ತದೆ. ಪಾರ್ಶ್ವನಾಥ ಸ್ವಾಮಿಯ ಕ್ಷೇತ್ರ. ಪೂಜ್ಯಪಾದಾಚಾರ್ಯರ ಹೆಸರಿನೊಡನೆ ಬೆಸೆದ ಬೆಟ್ಟ. ಮೊದಲು ದರ್ಶನ, ಆಮೇಲೆ ಆಟ ಎಂದಾಗ ಅಮ್ಮ ಒಪ್ಪಿದರು. ಹಿರಿಮಗ ಶ್ರವಣಬೆಳಗೊಳವನ್ನೂ ಸೇರಿಸೋಣವೆಂದ. ಬೇಡವೆಂದೆವು. ಮೂರು ದಿನದಲ್ಲಿ ಎಲ್ಲವನ್ನೂ ತುರುಕಿದರೆ ಬಾಹುಬಲಿಯ ದರ್ಶನವೂ ಅವಸರದ್ದಾಗುತ್ತದೆ, ಮಕ್ಕಳ ಆಟವೂ ಅವಸರದ್ದಾಗುತ್ತದೆ.

ಹಣದ ಮಾತಿಗೆ ನಾವೇ ಉತ್ತರ ಹೇಳಿದೆವು. ನಮ್ಮ ಶ್ರಾವಕರ ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ಎಂಬುದೊಂದಿದೆ. ಅನುಭವಿಸುವುದೇ ಬೇಡ ಎಂದು ಅದು ಗೃಹಸ್ಥನಿಗೆ ಹೇಳುವುದಿಲ್ಲ, ಅಳತೆ ಇಟ್ಟುಕೊ ಎನ್ನುತ್ತದೆ. ಆದ್ದರಿಂದ ಹೊರಡುವ ಮೊದಲೇ ಒಂದು ನೋಟ್‌ಪುಸ್ತಕ ತೆಗೆದು ಆರು ತಲೆಬರಹ ಹಾಕಿದೆವು: ವಾಹನ, ವಸತಿ, ಟಿಕೆಟ್, ಊಟ, ಕೈಖರ್ಚು, ದಾನ. ಪ್ರತಿಯೊಂದಕ್ಕೂ ಮಿತಿ. ನಾಲ್ಕು ಮೊಮ್ಮಕ್ಕಳಿಗೂ ಸಮನಾದ ಕೈಖರ್ಚು ಕೊಟ್ಟು, ಲೆಕ್ಕ ಅವರೇ ಬರೆಯಬೇಕೆಂದು ಹೇಳಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೂರು ಸಲ ಹೇಳುವುದಕ್ಕಿಂತ ಒಂದು ಚಿಕ್ಕ ಪುಸ್ತಕ ಕೈಗೆ ಕೊಡುವುದು ಮೇಲು.

ಗೋಡೆಯ ಮೇಲಿನ ಗೆರೆ

ಇಂಥ ಉದ್ಯಾನಗಳಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ದೊಡ್ಡ ಆಟಗಳಿಗೆ ಇಂತಿಷ್ಟು ಎತ್ತರ ಇರಲೇಬೇಕೆಂಬ ನಿಯಮವೂ ಇದೆ. ಸುರಕ್ಷತಾ ಪಟ್ಟಿ, ಕಂಬಿ ಎಲ್ಲವೂ ಮೈಗೆ ಸರಿಯಾಗಿ ಕೂರಬೇಕಲ್ಲ, ಅದಕ್ಕೇ ಈ ನಿಯಮ. ಇದನ್ನು ತಿಳಿಯದೆ ಹೋದವರ ಮಕ್ಕಳು ಅಲ್ಲಿ ಗಂಟೆಗಟ್ಟಲೆ ಅಳುವುದುಂಟು. ನಾವು ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 140 ಸೆಂಟಿಮೀಟರಿಗೆ ಗೆರೆ ಎಳೆದೆವು. ಹಿರಿಯ ಮೊಮ್ಮಗ ದಾಟಿದ. ಆಸೆಪಟ್ಟು ಕೇಳಿದ್ದ ಮೊಮ್ಮಗಳು ಮೂರು ಬೆರಳಿನಷ್ಟು ಕಡಿಮೆ. ಅವಳು ಮನೆಯಲ್ಲೇ ಅತ್ತಳು. ಮರುದಿನ ಅವಳ ಎತ್ತರದವರು ಏನೇನು ಆಡಬಹುದೆಂಬ ಪಟ್ಟಿಯನ್ನು ಅವಳ ಅಪ್ಪನೇ ಕೂತು ಬರೆದುಕೊಟ್ಟ. ಪಟ್ಟಿ ಎರಡು ಪುಟವಾಯಿತು, ಅಳು ನಿಂತಿತು.

ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇರುವವರು ಮತ್ತು ಗರ್ಭಿಣಿಯರು ಜೋರಿನ ಆಟಗಳಿಗೆ ಹತ್ತಬಾರದು. ಸಂಕೋಚವಿಲ್ಲದೆ ಇದನ್ನೂ ಮನೆಯಲ್ಲೇ ಮಾತಾಡಿಕೊಳ್ಳಬೇಕು. ನೀರಿನ ಆಟಗಳಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಗೆಯ ಉಡುಪು ಬೇಕು. ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ. ನಮ್ಮ ಹೆಣ್ಣುಮಕ್ಕಳು ತೋಳು, ಕಾಲು ಮುಚ್ಚುವ ಉಡುಪನ್ನು ಮೊದಲೇ ಕೊಂಡುಕೊಂಡರು. ಚಿನ್ನವನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ದಿನ ಮತ್ತು ದಾರಿ

ಮಹಾವೀರ ಜಯಂತಿ ಕಳೆದು, ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಪಂಚಾಂಗದಲ್ಲಿ ಅಷ್ಟಮಿ ಚತುರ್ದಶಿ ಬಾರದ ಮೂರು ದಿನ ಆರಿಸಿದೆವು. ಆಟದ ದಿನ ವಾರದ ನಡುವೆ ಬರುವಂತೆ ನೋಡಿಕೊಂಡೆವು. ಶನಿವಾರ ಭಾನುವಾರ ಜನವೂ ಹೆಚ್ಚು, ದರವೂ ಹೆಚ್ಚು.

ರೈಲಿನ ಮಾತೂ ಬಂತು. ಕೊಯಮತ್ತೂರಿನಿಂದ ಬೆಂಗಳೂರಿಗೆ 2023ರ ಡಿಸೆಂಬರ್ 30ರಂದು ವಂದೇ ಭಾರತ್ ಆರಂಭವಾಗಿದೆ, ಬೇಗ ತಲುಪುತ್ತದೆ. ಆದರೆ ಬೆಂಗಳೂರಿನಲ್ಲಿ ಇಳಿದು ಹನ್ನೊಂದು ಜನ ಮತ್ತೆ ಮೈಸೂರು ರಸ್ತೆ ಹಿಡಿಯಬೇಕು, ಕನಕಗಿರಿಯೂ ತಪ್ಪುತ್ತದೆ. ಹಾಗಾಗಿ ವ್ಯಾನ್ ಗೊತ್ತುಮಾಡಿದೆವು. ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಹುಲಿ ಸಂರಕ್ಷಿತ ಅರಣ್ಯವಾದ್ದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಬೆಳಿಗ್ಗೆ ಐದಕ್ಕೆ ಮನೆ ಬಿಡುವುದು, ಮರಳುವಾಗಲೂ ಹಗಲಿನಲ್ಲೇ ಘಟ್ಟ ಇಳಿಯುವುದು ಎಂದು ನಿಶ್ಚಯವಾಯಿತು. ಘಟ್ಟ ಹತ್ತಿದ ಮೇಲೆ ತಾಳವಾಡಿಯ ಕಡೆ ತಮಿಳುನಾಡಿನ ನೆಲದಲ್ಲೇ ಕನ್ನಡ ಕಿವಿಗೆ ಬೀಳುತ್ತದೆ. ಮಕ್ಕಳಿಗೆ ಅದೇ ಒಂದು ಆಶ್ಚರ್ಯ.

ಊಟದ ಏರ್ಪಾಡು

ಉದ್ಯಾನದೊಳಗೆ ಹೊರಗಿನ ಊಟ ತರುವಂತಿಲ್ಲ. ವಾರದ ದಿನಗಳಲ್ಲಿ ಆಟಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ. ಆರರವರೆಗೆ ಆಡುತ್ತ ನಿಂತರೆ ಅಮ್ಮನ ಊಟಕ್ಕೆ ಹೊತ್ತು ಮುಳುಗುತ್ತದೆ. ಆದ್ದರಿಂದ ಕೋಣೆ ಗೊತ್ತುಮಾಡುವಾಗಲೇ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದೆವು: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಂತಾದ ಗಡ್ಡೆಗಳಿಲ್ಲದ ಅಡಿಗೆ, ಸಂಜೆ ಐದೂವರೆಗೆ. "ಜೈನ್ ಊಟ" ಎಂದಷ್ಟೇ ಹೇಳಿದರೆ ಸಾಲದು, ಏನು ಬೇಡವೆಂದು ಹೆಸರು ಹಿಡಿದು ಹೇಳಬೇಕು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೆನಪಿಸಿದೆವು. ದಾರಿಗೆಂದು ನಮ್ಮ ಮನೆಯವರು ಚಪಾತಿ, ಪುಳಿಯೋಗರೆ, ಚಕ್ಕುಲಿ, ಬಾಳೆಹಣ್ಣು ಕಟ್ಟಿಕೊಂಡರು. ನೀರು ಗಾಳಿಸುವ ಬಟ್ಟೆಯನ್ನೂ ಮರೆಯಲಿಲ್ಲ. ಮದ್ದೂರು ವಡೆ ಎಂದು ಮಕ್ಕಳು ಬಾಯಿ ಚಪ್ಪರಿಸಿದರು. ಅದರಲ್ಲಿ ಈರುಳ್ಳಿ ಇರುವುದರಿಂದ ಬಿಟ್ಟೆವು. ಬಿಡದಿಯ ತಟ್ಟೆ ಇಡ್ಲಿಯನ್ನು, ಚಟ್ನಿ ವಿಚಾರಿಸಿಕೊಂಡು, ಎಲ್ಲರೂ ತಿಂದೆವು.

ಬೆಂಚಿನ ಮೇಲೆ ಕೂತ ಅಪ್ಪ

ಇಂಥ ಉದ್ಯಾನಗಳಿಗೆಲ್ಲ ಹಿರಿಯಣ್ಣ ಅಮೆರಿಕದ ಡಿಸ್ನಿಲ್ಯಾಂಡ್. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ತೆರೆಯಿತು. ಅದರ ಹುಟ್ಟಿನ ಬಗ್ಗೆ ವಾಲ್ಟ್ ಡಿಸ್ನಿಯವರು ತಾವೇ ಹೇಳುತ್ತಿದ್ದ ಮಾತೊಂದಿದೆ. ಹೆಣ್ಣುಮಕ್ಕಳಿಬ್ಬರನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ದಾಗ, ಮಕ್ಕಳು ತಿರುಗುವ ಕುದುರೆಯ ಮೇಲೆ ಆಡುತ್ತಿದ್ದರೆ ತಾವು ಬೆಂಚಿನ ಮೇಲೆ ಸುಮ್ಮನೆ ಕೂತಿರಬೇಕಾಗುತ್ತಿತ್ತು. ತಂದೆ ತಾಯಿ ಮಕ್ಕಳು ಒಟ್ಟಿಗೆ ಆಡುವಂಥ ಜಾಗ ಏಕಿರಬಾರದು ಎಂದು ಅಲ್ಲಿಯೇ ಹೊಳೆಯಿತಂತೆ. ಅಷ್ಟು ಯೋಜಿಸಿ ಕಟ್ಟಿದರೂ ಆರಂಭದ ದಿನ ಬಿಸಿಲು, ನಕಲಿ ಟಿಕೆಟಿನವರ ನೂಕುನುಗ್ಗಲು, ಕುಡಿಯುವ ನೀರಿನ ಕೊರತೆಯಿಂದ ಜನ ಬಹಳ ಪೇಚಾಡಿದರು. ದೊಡ್ಡವರ ಯೋಜನೆಯೂ ಮೊದಲ ದಿನ ತಪ್ಪುತ್ತದೆ ಎಂಬುದು ನಮಗೆ ಸಮಾಧಾನ.

ನಮ್ಮ ಯೋಜನೆಯಲ್ಲೂ ಒಂದು ತಪ್ಪಿತ್ತು. ಹನ್ನೊಂದು ಜನರ ಪಟ್ಟಿಯಲ್ಲಿ ಯಾರು ಯಾವ ಆಟಕ್ಕೆ ಎಂದು ಬರೆದಾಗ ನಮ್ಮ ಹೆಸರಿನ ಮುಂದೆ "ಅಮ್ಮನ ಜೊತೆ, ಚೀಲ ಕಾಯುವುದು" ಎಂದು ನಾವೇ ಬರೆದುಕೊಂಡಿದ್ದೆವು. ಅಂದು ನೆರಳಿನಲ್ಲಿ ಕೂತು ಹಾಗೆಯೇ ಮಾಡುತ್ತಿದ್ದೆವು. ಅಲೆಗಳ ಕೊಳದಿಂದ ಹಿರಿಮಗ ಒದ್ದೆ ಮೈಯಲ್ಲಿ ಎದ್ದು ಬಂದ. ಅವನ ತಲೆಯಲ್ಲೂ ನರೆ ಇಣುಕಿದೆ. "ಅಪ್ಪಾ, ಸೀಸನ್ ಮುಗಿಯಿತು. ಬನ್ನಿ" ಎಂದ. ಅವನಿಗೆ ಆ ಮಾತು ನೆನಪಿತ್ತು! ನಾವು ಏನೂ ಹೇಳಲಾರದೆ ಅಮ್ಮನ ಮುಖ ನೋಡಿದೆವು. "ಹೋಗೋ, ಚೀಲ ನಾನು ನೋಡಿಕೊಳ್ಳುತ್ತೇನೆ" ಎಂದರು.

ನೀರಿಗಿಳಿಯುವ ಬಟ್ಟೆಯನ್ನು ನಮಗಾಗಿ ತಂದಿರಲಿಲ್ಲ ಎಂದುಕೊಂಡಿದ್ದೆವು. ನಮ್ಮ ಮನೆಯವರು ಚೀಲದ ತಳದಿಂದ ಒಂದು ಜೊತೆ ತೆಗೆದುಕೊಟ್ಟರು.

ಐದಕ್ಕೆ ಎಲ್ಲರೂ ಮೇಲೆದ್ದೆವು. ಐದೂವರೆಗೆ ಅಮ್ಮನ ಎಲೆಯಲ್ಲಿ ಊಟವಿತ್ತು. ಮಕ್ಕಳಿಗೆ ಇನ್ನೂ ಒಂದು ಗಂಟೆ ಆಡುವ ಆಸೆಯಿತ್ತು. ಅಜ್ಜಿಯೊಬ್ಬರೇ ಕೂತು ಉಣ್ಣಬಾರದೆಂದು ತಾವಾಗಿಯೇ ಬಂದರು. ಇದು ನಾವು ಪಟ್ಟಿಯಲ್ಲಿ ಬರೆದಿರಲಿಲ್ಲ.

ಮರಳಿ ಬಂದ ಮೇಲೆ ಲೆಕ್ಕ ನೋಡಿದರೆ ವಾಹನಕ್ಕೆ ಮಿತಿ ಮೀರಿತ್ತು, ಕೈಖರ್ಚಿನಲ್ಲಿ ಉಳಿದಿತ್ತು. ಉಳಿದದ್ದನ್ನು ಮಕ್ಕಳು ದಾನದ ಡಬ್ಬಿಗೆ ಹಾಕಿದರು. ಮೂರು ದಿನ ಬಾಗಿಲು ಮುಚ್ಚಿದ್ದಕ್ಕೆ ಯಾವ ರೈತನೂ ನಮ್ಮನ್ನು ಬಿಟ್ಟು ಹೋಗಲಿಲ್ಲ. "ಇಷ್ಟು ವರ್ಷ ಏಕೆ ಹೋಗಲಿಲ್ಲ?" ಎಂದು ಒಬ್ಬ ಹಿರಿಯರು ತಮಿಳಿನಲ್ಲಿ ಕೇಳಿದರು. ಅವರಿಗೆ ಹೇಳಲು ಉತ್ತರವಿರಲಿಲ್ಲ.

"ಮೂರು ದಿನ ಅಂಗಡಿಗೆ ರಜೆ" ಎಂದು ಬರೆಸಿದ ಹಲಗೆಯನ್ನು ಎಸೆದಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿದ್ದೇವೆ. ವಾಚಕ ಬಂಧುಗಳೇ, ನಿಮ್ಮ ಖಾತೆಯಲ್ಲೂ ಇಂಥ ಬಾಕಿ ಇದ್ದರೆ ದಯವಿಟ್ಟು ಮಕ್ಕಳು ಕೇಳುವುದನ್ನು ಬಿಡುವ ಮೊದಲೇ ತೀರಿಸಿ.