ಒಂದು ಕುಕ್ಕರ್, ಮೂರು ತಟ್ಟೆ

ಕಾಲೇಜು ಹುಡುಗರ ತಿಂಗಳಿಗೆ ನಾಲ್ಕು ವಾರ ಇರುವುದಿಲ್ಲ, ಮೂರೇ ವಾರ. ಮೊದಲ ವಾರ ಎಗ್ ರೈಸ್, ಗೋಬಿ ಮಂಚೂರಿ. ಎರಡನೇ ವಾರ ಖಾನಾವಳಿ ಊಟ. ಮೂರನೇ ವಾರ ಚಹಾ, ಬನ್ನು. ಆಮೇಲೆ ಉಳಿದ ದಿನಗಳಿಗೆ ನಾವಿಟ್ಟ ಹೆಸರು ‘ಡಯಟ್’. ಯಾರಾದರೂ ಕೇಳಿದರೆ ನಗುತ್ತಲೇ ಹೇಳುತ್ತೇವೆ, ಕೇಳಿದವರೂ ನಗುತ್ತಾರೆ. ಆದರೆ ಈ ಡಯಟ್ ಎಷ್ಟೋ ರೂಮುಗಳಲ್ಲಿ ಜೋಕ್ ಅಲ್ಲ.

ನಾನು ಹಾವೇರಿ ಕಡೆಯವನು. ಧಾರವಾಡದಲ್ಲಿ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಸಪ್ತಾಪುರದಲ್ಲಿ ಮೂವರು ಸೇರಿ ಒಂದು ರೂಮು ಮಾಡಿದ್ದೇವೆ. ಒಬ್ಬ ಶಿರಸಿಯವನು, ಇನ್ನೊಬ್ಬ ಮುಧೋಳದವನು. ಹೋದ ವರ್ಷ ಮುಧೋಳದವನು ಲ್ಯಾಬ್‌ನಲ್ಲಿ ತಲೆಸುತ್ತಿ ಕುಳಿತುಬಿಟ್ಟ. ಡಾಕ್ಟರ್ ಹತ್ತಿರ ಕರೆದೊಯ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಏನು ತಿಂದೆ?’ ಇವನು ತಲೆ ತಗ್ಗಿಸಿ, ‘ನಿನ್ನೆ ಮಧ್ಯಾಹ್ನ ಉಂಡೇನ್ರಿ’ ಎಂದ. ತಂಗಿಯ ನರ್ಸಿಂಗ್ ಫೀಸಿಗೆಂದು ಎರಡು ತಿಂಗಳಿಂದ ಒಂದು ಹೊತ್ತಿನ ಊಟ ಬಿಟ್ಟಿದ್ದನಂತೆ. ನಮಗೆಲ್ಲ ‘ಹಸಿವಿಲ್ಲೋ’ ಎನ್ನುತ್ತಿದ್ದ.

ಅವನೊಬ್ಬನೇ ಅಲ್ಲ. ನಮ್ಮ ಪಕ್ಕದ ರೂಮಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವ ಅಣ್ಣ ಒಬ್ಬರಿದ್ದಾರೆ. ಡಿಗ್ರಿ ಮುಗಿದು ಐದು ವರ್ಷ. ಒಮ್ಮೆ ಅವರೇ ಹೇಳಿದರು: ‘ಅಪ್ಪಗ ರೊಕ್ಕ ಕೇಳಾಕ ನಾಚಿಕಿ ಬರ್ತೈತಿ ತಮ್ಮಾ. ಅದಕ್ಕ ಒಂದ್ ಹೊತ್ತು ಬಿಡ್ತೇನಿ.’ ಪುಸ್ತಕದ ದುಡ್ಡು ಕಡಿಮೆ ಮಾಡಲಾಗದು, ಕೋಚಿಂಗ್ ಫೀಸು, ಬಾಡಿಗೆ ಕಡಿಮೆ ಮಾಡಲಾಗದು. ಕಡಿಮೆ ಮಾಡಲು ಕೈಗೆ ಸಿಗುವುದು ಹೊಟ್ಟೆ ಮಾತ್ರ. ಹೊಟ್ಟೆ ಕಟ್ಟದೆಯೇ ಖರ್ಚು ಇಳಿಸಲು ಸಾಧ್ಯ ಎಂದು ಒಂದು ವರ್ಷದಿಂದ ನಮ್ಮ ರೂಮಿನ ಕುಕ್ಕರ್ ಹೇಳುತ್ತಿದೆ. ಅದರ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಲೆಕ್ಕ

ಖಾನಾವಳಿಯಲ್ಲಿ ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ ತಲಾ 3,000 ರೂಪಾಯಿ ಕೊಡುತ್ತಿದ್ದೆವು. ಬೆಳಗಿನ ತಿಂಡಿ ದಿನಕ್ಕೆ 40 ಎಂದರೂ 1,200. ಒಟ್ಟು 4,200. ಭಾನುವಾರ ರಾತ್ರಿ ಖಾನಾವಳಿಗೆ ರಜೆ, ಅದರ ಖರ್ಚು ಬೇರೆ.

ಈಗ ಮೂವರಿಗೆ ಸೇರಿ ಒಂದು ತಿಂಗಳ ಖರ್ಚು ಹೀಗಿದೆ. ಅಕ್ಕಿ, ರವೆ, ಅವಲಕ್ಕಿ, ಚುರುಮುರಿಗೆ 920. ತೊಗರಿಬೇಳೆ, ಹೆಸರುಕಾಳು, ಮಡಿಕೆಕಾಳು, ಶೇಂಗಾ, ಕಡಲೆಹಿಟ್ಟಿಗೆ 1,050. ಎಣ್ಣೆ ಮೂರು ಲೀಟರ್ 450. ತರಕಾರಿ, ಸೊಪ್ಪು, ಈರುಳ್ಳಿ ವಾರಕ್ಕೆ 250ರಂತೆ 1,000. ಮೊಟ್ಟೆ 60ಕ್ಕೆ 420. ಹಾಲು, ಮೊಸರು 750. ಚಹಾಪುಡಿ, ಸಕ್ಕರೆ, ಉಪ್ಪು, ಖಾರ, ಮಸಾಲೆ 500. ಗ್ಯಾಸ್ 600. ಖಡಕ್ ಜೋಳದ ರೊಟ್ಟಿ 150ಕ್ಕೆ 1,050. ಕೂಡಿದರೆ 6,740. ಮೂರರಿಂದ ಭಾಗಿಸಿದರೆ ತಲಾ 2,250ರ ಆಸುಪಾಸು.

ಅಂದರೆ ಒಬ್ಬೊಬ್ಬರಿಗೆ ತಿಂಗಳಿಗೆ 1,950 ರೂಪಾಯಿ ಉಳಿತಾಯ. ಮುಧೋಳದವನು ಈಗ ಮೂರು ಹೊತ್ತು ಉಂಡೂ ತಂಗಿಗೆ ದುಡ್ಡು ಕಳಿಸುತ್ತಾನೆ. ಇವು ನಮ್ಮ ಓಣಿಯ ದರಗಳು, ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಊರಿಂದ ಅಕ್ಕಿ, ಬೇಳೆ ತರುವವರಿಗೆ ಇನ್ನೂ ಅಗ್ಗ.

ಪಾತ್ರೆ, ಒಲೆ ಎಲ್ಲಿಂದ?

ಹೊಸದು ಬೇಡ. ಪ್ರತಿ ವರ್ಷ ಜೂನ್–ಜುಲೈ ಹೊತ್ತಿಗೆ ಫೈನಲ್ ಇಯರ್‌ನವರು ರೂಮ್ ಖಾಲಿ ಮಾಡುತ್ತಾರೆ. ಮೂರು ಲೀಟರ್ ಕುಕ್ಕರ್, ಒಂದು ಬಾಣಲೆ, ತವಾ, ಎರಡು ಪಾತ್ರೆ, ಒಂದು ಒಲೆ ಎಲ್ಲ ಸೇರಿ ನಮಗೆ 2,400ಕ್ಕೆ ಸಿಕ್ಕವು. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿ, ಸೇಫ್ಟಿ ವಾಲ್ವ್ ಪರೀಕ್ಷಿಸಿಕೊಳ್ಳಿ. ಅದರಲ್ಲಿ ಮಾತ್ರ ಜಿಪುಣತನ ಬೇಡ.

ಗ್ಯಾಸಿಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಸಿಗುತ್ತದೆ. ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಮೊದಲ ಸಲ ಸಿಲಿಂಡರಿನ ಬೆಲೆಯೂ ಸೇರುತ್ತದೆ, ಆಮೇಲೆ ರೀಫಿಲ್ ದುಡ್ಡಷ್ಟೇ. ಬೀದಿಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಕೊಡುವ ಪುಟ್ಟ ಸಿಲಿಂಡರ್‌ಗಳ ಕಡೆ ತಲೆ ಹಾಕಬೇಡಿ. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಇಂಡಕ್ಷನ್ ಒಲೆ ಇಡುವುದಾದರೆ ಮನೆ ಮಾಲೀಕರನ್ನು ಕೇಳಿ, ವೈರಿಂಗ್ ತಡೆಯುತ್ತದೆಯೇ ನೋಡಿ. ಗೃಹಜ್ಯೋತಿ ಇದ್ದರೂ ನಿಮ್ಮ ಮೀಟರಿಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ಹತ್ತು ರೂಪಾಯಿಗೆ ಎಷ್ಟು ಪ್ರೊಟೀನ್?

ಎಂಜಿನಿಯರಿಂಗ್ ಓದುವವರಿಗೆ ಯಾವುದನ್ನು ಕಂಡರೂ ಗ್ರಾಫ್ ಹಾಕುವ ಚಟ. ಅಗ್ಗ ಎಂದರೆ ಹೊಟ್ಟೆ ತುಂಬುವುದಷ್ಟೇ ಅಲ್ಲ. ಅನ್ನ, ಬನ್ನು, ನೂಡಲ್ಸ್‌ನಿಂದಲೂ ಹೊಟ್ಟೆ ತುಂಬುತ್ತದೆ, ಆದರೆ ಮಧ್ಯಾಹ್ನದ ಕ್ಲಾಸಿನಲ್ಲಿ ನಿದ್ದೆ ಎಳೆಯುತ್ತದೆ. ಹಾಗಾಗಿ ನಾವು ಕೊಂಡ ದರದಲ್ಲಿ ಹತ್ತು ರೂಪಾಯಿಗೆ ಎಷ್ಟು ಗ್ರಾಂ ಪ್ರೊಟೀನ್ ಸಿಗುತ್ತದೆ ಎಂದು ಲೆಕ್ಕ ಹಾಕಿದೆವು.

ಸೋಯಾ ಚಂಕ್ಸ್: ಸುಮಾರು 35 ಗ್ರಾಂ.
ಹೆಸರುಕಾಳು: 20 ಗ್ರಾಂ.
ಶೇಂಗಾ: 18 ಗ್ರಾಂ.
ತೊಗರಿಬೇಳೆ: 15 ಗ್ರಾಂ.
ಮೊಟ್ಟೆ: 8ರಿಂದ 9 ಗ್ರಾಂ.
ಪನೀರ್: 4ರಿಂದ 5 ಗ್ರಾಂ.

ಜಿಮ್ ಹುಡುಗರು ಸಾವಿರಗಟ್ಟಲೆ ಕೊಟ್ಟು ತರುವ ಡಬ್ಬಿಯ ಪುಡಿ ಈ ಪಟ್ಟಿಯಲ್ಲಿ ಪನೀರಿಗಿಂತಲೂ ಕೆಳಗೆ ಬರುತ್ತದೆ! ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ, ಒಬ್ಬ ವಯಸ್ಕನಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಒಂದು ಮುಷ್ಟಿ ಮೊಳಕೆಕಾಳು, ಒಂದು ಮುಷ್ಟಿ ಶೇಂಗಾ, ಒಂದು ಮೊಟ್ಟೆ, ಬೇಳೆ ಸಾರು, ಜೊತೆಗೆ ರೊಟ್ಟಿ, ಅನ್ನ ಇದ್ದರೆ ಅದರ ಹತ್ತಿರಕ್ಕೆ ಬರುತ್ತೇವೆ. ನಮ್ಮಜ್ಜಿ ಯಾವ ಗ್ರಾಫೂ ಇಲ್ಲದೆ ಬಡಿಸುತ್ತಿದ್ದ ತಟ್ಟೆ ಇದೇ.

ಸಂತೆಯ ಸೂತ್ರಗಳು

ಒಂದು: ಚೀಟಿ ಬರೆದುಕೊಂಡು ಹೋಗಿ, ಹೊಟ್ಟೆ ತುಂಬಿದ ಮೇಲೆ ಹೋಗಿ. ಹಸಿದವನ ಕೈ ಬಿಸ್ಕತ್ತು, ಕುರುಕಲಿನ ಕಡೆಗೇ ಹೋಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ತರಿಸುವಾಗಲೂ ಇದೇ ಕತೆ. ಡೆಲಿವರಿ ಚಾರ್ಜ್ ಉಳಿಸಲು ಬೇಡದ್ದನ್ನೂ ಬುಟ್ಟಿಗೆ ಹಾಕುತ್ತೇವೆ.

ಎರಡು: ದಿನಸಿಯನ್ನು ತಿಂಗಳಿಗೊಮ್ಮೆ ಒಂದೇ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳಿ. ಮಿರಿಮಿರಿ ಪ್ಯಾಕೆಟ್‌ಗಿಂತ ಗೋಣಿಚೀಲದ ಬೇಳೆ ಸಾಮಾನ್ಯವಾಗಿ ಅಗ್ಗ. ಪರಿಚಯವಾದರೆ ಅಂಗಡಿಯವರು ತಾವಾಗಿಯೇ ‘ಇದು ಬ್ಯಾಡ, ಹೊಸ ಮಾಲು ನಾಳೆ ಬರ್ತೈತಿ’ ಎನ್ನುತ್ತಾರೆ.

ಮೂರು: ತರಕಾರಿಯನ್ನು ಸಂಜೆ ಏಳರ ನಂತರ ಕೊಳ್ಳಿ. ಸೊಪ್ಪು ಮಾರುವವರು ಉಳಿದ ಕಟ್ಟುಗಳನ್ನು ಹೊತ್ತು ಮನೆಗೆ ಹೋಗಲಾರರು. ಆದರೆ ಐದು ರೂಪಾಯಿಗಾಗಿ ಅವರೊಡನೆ ಜಗ್ಗಾಡಬೇಡಿ. ಅವರ ಮಕ್ಕಳೂ ಎಲ್ಲೋ ಓದುತ್ತಿರುತ್ತಾರೆ.

ನಾಲ್ಕು: ಆಯಾ ಕಾಲದ್ದನ್ನೇ ತಿನ್ನಿ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ನೆನಪಿರಬಹುದು. ಅಂಥ ದಿನಗಳಿಗೆ ಹುಣಸೆಹಣ್ಣು ಇದ್ದೇ ಇದೆ.

ಫ್ರಿಜ್ ಇಲ್ಲದ ಅಡುಗೆಮನೆ

ನಮ್ಮ ರೂಮಿನಲ್ಲಿ ಫ್ರಿಜ್ ಇಲ್ಲ, ನಿಮ್ಮಲ್ಲೂ ಬಹುಶಃ ಇರಲಿಕ್ಕಿಲ್ಲ. ಈ ವಿಷಯದಲ್ಲಿ ಉತ್ತರ ಕರ್ನಾಟಕದ ಅಡುಗೆಯನ್ನು ಮೀರಿಸುವವರಿಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಣ ಡಬ್ಬಿಯಲ್ಲಿ ತಿಂಗಳು ನಿಲ್ಲುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಒಲೆ ಹಚ್ಚಲು ಪುರುಸೊತ್ತಿಲ್ಲವೇ? ರೊಟ್ಟಿ, ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ, ತೊಳೆದ ಹಕ್ಕರಕಿ ಸೊಪ್ಪು. ಐದು ನಿಮಿಷದಲ್ಲಿ ಊಟ ಮುಗಿದು ಪುಸ್ತಕ ತೆರೆದಿರುತ್ತದೆ.

ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿಟ್ಟರೆ ಬೇಗ ಕೆಡುತ್ತವೆ, ಬೇರೆ ಬೇರೆ ಇಡಿ. ಹಸಿಮೆಣಸಿನಕಾಯಿಯ ತೊಟ್ಟು ಮುರಿದಿಟ್ಟರೆ ಹೆಚ್ಚು ದಿನ ಬಾಳುತ್ತದೆ. ಟೊಮೆಟೊ ಅರ್ಧ ಹಣ್ಣು, ಅರ್ಧ ದೋರೆ ಆರಿಸಿ. ಅನ್ನವನ್ನು ಮಾತ್ರ ಅಳತೆ ಮಾಡಿಯೇ ಮಾಡಿ. ಬಿಸಿಲುಗಾಲದಲ್ಲಿ ಹೊರಗೇ ಬಹಳ ಹೊತ್ತು ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎಲ್ಲ ರಾತ್ರಿಯ ಅನ್ನವನ್ನೂ ಚಿತ್ರಾನ್ನ ಮಾಡಿ ಪಾರು ಮಾಡಲಾಗದು.

ಕೈಹಿಡಿಯುವ ನಾಲ್ಕು ಅಡುಗೆ

ಜುಣಕ: ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಒಂದು ಲೋಟ ನೀರು, ಉಪ್ಪು ಹಾಕಿ ಕುದಿಸಿ. ಅರ್ಧ ಲೋಟ ಕಡಲೆಹಿಟ್ಟನ್ನು ಇನ್ನರ್ಧ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸುರಿಯುತ್ತಾ ಕೈಯಾಡಿಸಿ. ಐದು ನಿಮಿಷ ಮುಚ್ಚಿ ಬೇಯಿಸಿ. ರೊಟ್ಟಿಗೂ ಸೈ, ಅನ್ನಕ್ಕೂ ಸೈ.

ಸುಸಲಾ: ಚುರುಮುರಿಯನ್ನು ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆಯಿರಿ. ಶೇಂಗಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿ, ನಿಂಬೆ ಹಿಂಡಿ. ಎಂಟು ಗಂಟೆಯ ಬಸ್ ಹಿಡಿಯುವವರ ತಿಂಡಿ ಇದು.

ಮೊಳಕೆಕಾಳು ಪಲ್ಯ: ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನಕ್ಕೆ ಮೊಳಕೆ. ಒಗ್ಗರಣೆ ಕೊಟ್ಟು ಹತ್ತು ನಿಮಿಷ ಬೇಯಿಸಿದರೆ ಪಲ್ಯ. ಮೊಳಕೆ ಬಂದಾಗ ವಿಟಮಿನ್ ಸಿ ಹೆಚ್ಚುತ್ತದೆ. ಕಾಳಿಗೆ ಕೊಟ್ಟ ದುಡ್ಡಷ್ಟೇ, ಬೇರೆ ಖರ್ಚಿಲ್ಲ.

ಒಂದೇ ಕುಕ್ಕರಿನ ಊಟ: ತಳದಲ್ಲಿ ನೀರು, ಅದರ ಮೇಲೆ ಬೇಳೆ–ಟೊಮೆಟೊ–ಸೊಪ್ಪಿನ ಡಬ್ಬಿ, ಅದರ ಮೇಲೆ ಒಂದಕ್ಕೆ ಎರಡರಂತೆ ನೀರು ಹಾಕಿದ ಅಕ್ಕಿಯ ಡಬ್ಬಿ. ನಾಲ್ಕು ಸೀಟಿ ಆದ ಮೇಲೆ ಒಲೆ ಆರಿಸಿ ಬಿಡಿ, ಒಳಗಿನ ಹಬೆಯೇ ಉಳಿದ ಕೆಲಸ ಮಾಡುತ್ತದೆ. ಬೇಳೆಗೆ ಒಗ್ಗರಣೆ ಕೊಟ್ಟರೆ ಅನ್ನ, ಸಾರು ರೆಡಿ. ಗ್ಯಾಸೂ ಉಳಿಯಿತು, ತೊಳೆಯುವ ಪಾತ್ರೆಯೂ ಕಡಿಮೆಯಾಯಿತು.

ಪಾಳಿ ತಪ್ಪಿಸಬಾರದು

ರೂಮ್ ಅಡುಗೆ ನಿಲ್ಲುವುದು ರುಚಿ ಕೆಟ್ಟು ಅಲ್ಲ, ಪಾತ್ರೆ ತೊಳೆಯುವ ಜಗಳದಿಂದ. ನಮ್ಮ ಗೋಡೆಯ ಮೇಲೆ ಒಂದು ಪಟ್ಟಿ ಇದೆ: ಮಾಡಿದವನು ತೊಳೆಯುವಂತಿಲ್ಲ, ತೊಳೆಯುವವನು ರುಚಿಗೆ ಹೆಸರಿಡುವಂತಿಲ್ಲ. ಮೂರನೆಯವನು ಸಂತೆ ಮತ್ತು ಲೆಕ್ಕ ನೋಡಿಕೊಳ್ಳುತ್ತಾನೆ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಸಂಜೆ ನಲವತ್ತು ನಿಮಿಷ ಸಾಕು, ರೀಲ್ಸ್ ನೋಡುವ ಹೊತ್ತಿಗಿಂತ ಕಡಿಮೆಯೇ.

ಶುರುವಿನಲ್ಲಿ ಅವ್ವ ಫೋನಿನಲ್ಲಿ, ‘ಗಂಡ್ಮಕ್ಕಳು ಒಲಿ ಮುಂದ ಕುಂತ್ರ ಓದೋರು ಯಾರು?’ ಎಂದಿದ್ದಳು. ಈಗ ರಜೆಗೆ ಹೋದರೆ, ‘ಇವತ್ತಿನ ಜುಣಕ ನಿಂದ’ ಎಂದು ಸೌಟು ಕೊಟ್ಟು, ಕಟ್ಟೆಯ ಮೇಲೆ ಹೋಗಿ ಕೂರುತ್ತಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವಳಿಗೆ ಸಿಕ್ಕ ಬಿಡುವು ಅದು.

ಅಡುಗೆ ಮಾಡಲು ಜಾಗವೇ ಇಲ್ಲದ ಪಿ.ಜಿ.ಗಳಲ್ಲಿ ಇರುವವರಿಗೂ ಎರಡು ಮಾತು. ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಸಿಗುತ್ತದೆ. ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚ ಬೇಡ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದೇ ‘ವಿದ್ಯಾಸಿರಿ’ ನೆರವು ಇದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಕರೆದಾಗ ಕೊನೆಯ ದಿನದವರೆಗೆ ಕಾಯದೆ ಹಾಕಿ.

ಮತ್ತು ನಿಮ್ಮ ರೂಮಿನಲ್ಲಿ, ನಿಮ್ಮ ಬೆಂಚಿನಲ್ಲಿ ಯಾರಾದರೂ ಪದೇ ಪದೇ ‘ನನಗೆ ಹಸಿವಿಲ್ಲ’ ಎನ್ನುತ್ತಿದ್ದರೆ ನಂಬಬೇಡಿ. ಪ್ರಶ್ನೆ ಕೇಳಿ ಮುಜುಗರ ಮಾಡುವುದೂ ಬೇಡ. ಅಕ್ಕಿ ಅಳೆಯುವಾಗ ಇನ್ನೊಂದು ಲೋಟ ಹೆಚ್ಚು ಹಾಕಿ, ‘ಜಾಸ್ತಿ ಆಗೇತಿ, ಬಾರೋ’ ಎಂದು ಕರೆಯಿರಿ. ಶನಿವಾರ ರಾತ್ರಿ ಪಕ್ಕದ ರೂಮಿನ ಅಣ್ಣನನ್ನು ನಾವು ಕರೆಯುವುದು ಹೀಗೆಯೇ. ಅವರು ಬರುವಾಗ ಅರ್ಧ ಡಜನ್ ಬಾಳೆಹಣ್ಣು ತರುತ್ತಾರೆ, ಉಂಡಾದ ಮೇಲೆ ನಮಗೆ ರೀಸನಿಂಗ್ ಹೇಳಿಕೊಡುತ್ತಾರೆ.